ದಿಟ್ಟ ನುಡಿಯ ವ್ಯಾಪಾರ

ನಿರ್ಭೀತಿಯಿಂದ ಅಭಿಪ್ರಾಯವನ್ನು ಸಾರುವವನಿಗೆ ಪ್ರಭಾವವು ಒದಗುವುದೆಂದೂ, ಪ್ರಭಾವವುಳ್ಳವನಿಗೆ ಲಾಭವು ತಾನಾಗಿ ಬರುವುದೆಂದೂ ಒಂದು ನಂಬುಗೆಯು ಕ್ರಿಪ್ಟೋ ನಾಣ್ಯಗಳ ವ್ಯಾಪಾರದಲ್ಲಿ ತೊಡಗಿರುವ ನಮ್ಮ ತರುಣರಲ್ಲಿ ಬೇರೂರುತ್ತಿದೆ. ಹಲಸೂರು, ಇಂದಿರಾನಗರ, ಜೀವನ್ ಬಿಮಾ ನಗರ ಮೊದಲಾದ ಬೆಂಗಳೂರಿನ ಪೂರ್ವಭಾಗದ ಬಡಾವಣೆಗಳಲ್ಲಿ ತಿಂಗಳ ಸಂಬಳವನ್ನು ನೆಚ್ಚಿ ಬಾಳುವ ಉದ್ಯೋಗಸ್ಥರು ಬಹಳ ಮಂದಿ. ಅವರಲ್ಲಿ ನಾಲ್ವರು ಕಲೆತ ಕಡೆ ಈ ನಾಣ್ಯಗಳ ಪ್ರಸ್ತಾಪ ಬಂದರೆ, ಇದರ ಆಧಾರವೇನು ಎಂಬ ಪ್ರಶ್ನೆಗಿಂತ ಮುಂಚೆ, ಇಂಥ ಪ್ರಸಿದ್ಧನು ಇದರ ವಿಷಯದಲ್ಲಿ ಏನು ಹೇಳಿದ್ದಾನೆ ಎಂಬ ಪ್ರಶ್ನೆ ಏಳುತ್ತದೆ. ಹಿಂದುಮುಂದು ನೋಡಿ ಮಾತನಾಡುವವನ ಕಡೆಗೆ ಯಾರೂ ಕಿವಿಗೊಡರು. ಬರುವ ವರ್ಷ ಬೆಲೆಯು ಹತ್ತುಮಡಿಯಾಗುವುದೆಂದು ಎದೆತಟ್ಟಿ ಹೇಳುವವನ ಬೆನ್ನ ಹಿಂದೆ ಲಕ್ಷಾಂತರ ಜನ ನಿಲ್ಲುತ್ತಾರೆ. ದಿಟ್ಟತನವನ್ನು ಎಂದಿನಿಂದಲೂ ಮೆಚ್ಚುತ್ತ ಬಂದಿರುವ ಪತ್ರಿಕೋದ್ಯಮಿಗಳಾದ ನಾವು ಈ ಹೊಸ ದಿಟ್ಟತನದ ಸ್ವರೂಪವನ್ನು ಸ್ವಲ್ಪ ಪರೀಕ್ಷಿಸಿ ನೋಡುವುದು ಕರ್ತವ್ಯವೆಂದು ಭಾವಿಸುತ್ತೇವೆ.

ನಂಬುಗೆಯ ಮೊದಲರ್ಧವು ಸುಳ್ಳಲ್ಲವೆಂಬುದನ್ನು ಒಪ್ಪಲೇಬೇಕು. ಅಮೆರಿಕದ ಉದ್ಯಮಿ ಈಲಾನ್ ಮಸ್ಕ್ ಅವರ ಟೆಸ್ಲಾ ಕಂಪೆನಿಯು 150 ಕೋಟಿ ಡಾಲರಿನ ಬಿಟ್‌ಕಾಯಿನ್ ಕೊಂಡಿದೆಯೆಂದು 2021ರ ಫೆಬ್ರವರಿಯಲ್ಲಿ ಪ್ರಕಟವಾದೊಡನೆ ಆ ನಾಣ್ಯದ ಧಾರಣೆ ಜಿಗಿಯಿತು. ಅದೇ ವರ್ಷದ ಮೇ ತಿಂಗಳಲ್ಲಿ ತಮ್ಮ ಕಂಪೆನಿಯು ಮೋಟಾರುಗಳ ಮಾರಾಟದಲ್ಲಿ ಈ ನಾಣ್ಯವನ್ನು ಇನ್ನು ಸ್ವೀಕರಿಸುವುದಿಲ್ಲವೆಂದು ಅವರೇ ನಾಲ್ಕು ಮಾತು ಬರೆದರು. ಕೆಲವು ಗಂಟೆಗಳೊಳಗಾಗಿ ಬೆಲೆಯು ನೂರಕ್ಕೆ ಹತ್ತಕ್ಕಿಂತ ಹೆಚ್ಚಾಗಿ ಇಳಿಯಿತು. ಒಬ್ಬ ಮನುಷ್ಯನ ಮಾತಿಗೆ ಇಷ್ಟು ಬಲವು ಹತ್ತಿ ಪೇಟೆಯಲ್ಲಿಯೂ ಇಲ್ಲ, ಕೊಬ್ಬರಿ ಪೇಟೆಯಲ್ಲಿಯೂ ಇಲ್ಲ. ಹತ್ತಿಯ ಬೆಲೆಯನ್ನು ಮಳೆ ನಿರ್ಧರಿಸುತ್ತದೆ, ಗಿರಣಿಗಳ ಬೇಡಿಕೆ ನಿರ್ಧರಿಸುತ್ತದೆ. ಕಂಪೆನಿಯ ಷೇರಿಗೆ ಅದರ ಲಾಭಾಂಶವೆಂಬ ಒಂದು ಲಂಗರು ಉಂಟು. ಬಿಟ್‌ಕಾಯಿನ್ನಿಗೆ ಹೊಲವಿಲ್ಲ, ಕಾರ್ಖಾನೆಯಿಲ್ಲ, ಬಡ್ಡಿಯಿಲ್ಲ. ಒಟ್ಟು 2 ಕೋಟಿ 10 ಲಕ್ಷಕ್ಕೆ ಮೀರಿ ಅದು ಹುಟ್ಟಲಾರದೆಂಬ ನಿಯಮವೊಂದು ಇರುವುದರಿಂದ ಅದರ ಪೂರೈಕೆಯು ಸ್ಥಿರ. ಉಳಿದುದು ಬೇಡಿಕೆಯೊಂದೇ. ಆ ಬೇಡಿಕೆಯಾದರೋ, ನಾಳೆ ಇದಕ್ಕೆ ಇನ್ನೊಬ್ಬನು ಹೆಚ್ಚು ಕೊಟ್ಟಾನು ಎಂಬ ಅಭಿಪ್ರಾಯದ ಮೇಲೆ ನಿಂತದ್ದು. ಅಭಿಪ್ರಾಯವೇ ಸರಕಾಗಿರುವ ಪೇಟೆಯಲ್ಲಿ ಗಟ್ಟಿಯಾಗಿ ಕೂಗುವವನಿಗೆ ಪ್ರಭಾವವು ಸಿಕ್ಕುವುದರಲ್ಲಿ ಆಶ್ಚರ್ಯವೇನು?

ಬಿಟ್‌ಕಾಯಿನ್ನಿನಂತಹ ದೊಡ್ಡ ನಾಣ್ಯದ ಸಂಗತಿಯೇ ಹೀಗಿರುವಾಗ, ದಿನವೂ ಹುಟ್ಟಿ ಸಾಯುವ ಸಣ್ಣ ನಾಣ್ಯಗಳ ಪಾಡನ್ನು ಹೇಳತಕ್ಕದ್ದೇ ಇಲ್ಲ. ಅಲ್ಲಿ ದಿಟ್ಟ ನುಡಿಯು ಹಣವಾಗುವ ಬಗೆಯನ್ನು ವಾಚಕರು ಚೆನ್ನಾಗಿ ತಿಳಿದುಕೊಳ್ಳಬೇಕು. ಒಂದು ರೂಪಾಯಿಗೆ ಒಂದರಂತೆ ಹತ್ತು ಲಕ್ಷ ನಾಣ್ಯಗಳನ್ನು ಒಬ್ಬನು ಸದ್ದಿಲ್ಲದೆ ಕೊಂಡಿಟ್ಟುಕೊಂಡನೆಂದು ಊಹಿಸೋಣ. ಪೇಟೆಯಲ್ಲಿ ನಿಜವಾಗಿ ಕೈಬದಲಾಗುವ ನಾಣ್ಯಗಳು ಬಹು ಸ್ವಲ್ಪ. ಹೆಚ್ಚಿನ ಪಾಲು ಅದನ್ನು ಹುಟ್ಟಿಸಿದವರ ಕೈಯಲ್ಲಿಯೇ ಇರುತ್ತದೆ. ಈಗ ಅವನು ತನ್ನ ಅನುಯಾಯಿಗಳ ಮುಂದೆ ನಿಂತು, ಹೇಡಿಗಳು ದೂರವಿರಲಿ, ಈ ನಾಣ್ಯವು ಐದು ರೂಪಾಯಿ ಮುಟ್ಟುವುದು ನಿಶ್ಚಯ ಎಂದು ಘೋಷಿಸುತ್ತಾನೆ. ಸಾವಿರ ಮಂದಿ ಒಟ್ಟಿಗೆ ಕೊಳ್ಳಲು ನುಗ್ಗಿದ ಕೂಡಲೆ ಬೆಲೆಯು ಮೂರು ರೂಪಾಯಿಗೆ ಏರುತ್ತದೆ. ಅವನ ಭವಿಷ್ಯವಾಣಿಯು ಫಲಿಸುತ್ತಿದೆಯೆಂದು ಇನ್ನೂ ಎರಡು ಸಾವಿರ ಮಂದಿ ನುಗ್ಗುತ್ತಾರೆ. ಆ ಗದ್ದಲದಲ್ಲಿ ಅವನು ತನ್ನ ಹತ್ತು ಲಕ್ಷವನ್ನು ಮಾರಿ ಹೊರಬೀಳುತ್ತಾನೆ. ಕೊಳ್ಳುವವರು ತೀರಿದ ಮೇಲೆ ಬೆಲೆಯು ಬಂದ ದಾರಿಯಲ್ಲಿಯೇ ಹಿಂದಿರುಗುತ್ತದೆ. ಇಲ್ಲಿ ಅವನ ಯಶಸ್ಸಿಗೆ ಕಾರಣವು ಅವನ ಅಭಿಪ್ರಾಯದ ಸತ್ಯವಲ್ಲ, ಇತರರು ಅದನ್ನು ಸತ್ಯವೆಂದು ಎಣಿಸಿದುದು. ಅವನು ಗಳಿಸಿದ ಪ್ರತಿಯೊಂದು ರೂಪಾಯಿಯೂ ಅವನನ್ನು ನಂಬಿದವರ ಜೇಬಿನಿಂದ ಬಂದುದು. ಸಂತೆಯಲ್ಲಿ ದಲ್ಲಾಳಿಯು ತನ್ನ ಸ್ವಂತ ಎತ್ತನ್ನೇ ಪರರ ಎತ್ತೆಂದು ಹೊಗಳಿ ಮಾರಿದರೆ ನಮ್ಮ ರೈತನು ಅದಕ್ಕೆ ಇಡುವ ಹೆಸರು ಒಂದೇ. ಅದೇ ಕೆಲಸವನ್ನು ಮೊಬೈಲಿನ ಪರದೆಯ ಮೇಲೆ ಮಾಡಿದವನಿಗೆ ಮಾರ್ಗದರ್ಶಿಯೆಂಬ ಬಿರುದು ದೊರೆಯುತ್ತಿರುವುದು ಕಾಲಮಹಿಮೆ.

ಇದು ಬರಿಯ ಊಹೆಯ ಚಿತ್ರವಲ್ಲ. ಬಿಟ್‌ಕಾಯಿನ್ ಬೆಲೆಯು ಮೂರು ವರ್ಷಗಳಲ್ಲಿ 5 ಲಕ್ಷ ಡಾಲರಾಗುವುದೆಂದು 2017ರಲ್ಲಿ ಸಾರಿ, ಅದೂ ಸಾಲದೆಂದು ಅದನ್ನು 2020ರ ಕೊನೆಗೆ 10 ಲಕ್ಷಕ್ಕೆ ಏರಿಸಿ, ಅತ್ಯಂತ ಅಶ್ಲೀಲವಾದ ಪಂಥವನ್ನೂ ಕಟ್ಟಿ ಜಗತ್ತಿನ ಗಮನವನ್ನು ಸೆಳೆದವರು ಜಾನ್ ಮ್ಯಾಕಫೀ. 2020 ಮುಗಿದಾಗ ಬೆಲೆಯು 30 ಸಾವಿರ ಡಾಲರನ್ನೂ ಮುಟ್ಟಿರಲಿಲ್ಲ. ಈ ನಡುವೆ, ಹೊಸ ನಾಣ್ಯಗಳನ್ನು ಹೊಗಳಲು ಅವರು ಗುಟ್ಟಾಗಿ 2 ಕೋಟಿ 30 ಲಕ್ಷ ಡಾಲರಿಗೂ ಹೆಚ್ಚು ಪ್ರತಿಫಲ ಪಡೆದರೆಂದು ಅಮೆರಿಕದ ಷೇರುಪೇಟೆ ನಿಯಂತ್ರಣ ಮಂಡಳಿಯು ಅದೇ ವರ್ಷ ಆರೋಪ ಹೊರಿಸಿತು. ವಿಚಾರಣೆ ನಡೆಯುವುದಕ್ಕೆ ಮೊದಲೇ 2021ರಲ್ಲಿ ಸ್ಪೇನಿನ ಸೆರೆಮನೆಯಲ್ಲಿ ಅವರು ಮೃತರಾದರು. ದೂರದರ್ಶನ ತಾರೆ ಕಿಮ್ ಕಾರ್ಡಾಶಿಯನ್ ಒಂದು ನಾಣ್ಯವನ್ನು ಹೊಗಳಿ ಬರೆಯುವುದಕ್ಕೆ 2 ಲಕ್ಷ 50 ಸಾವಿರ ಡಾಲರು ಪಡೆದುದನ್ನು ಮರೆಮಾಚಿದರೆಂಬ ಪ್ರಕರಣವು 2022ರ ಅಕ್ಟೋಬರಿನಲ್ಲಿ 12 ಲಕ್ಷ 60 ಸಾವಿರ ಡಾಲರುಗಳ ರಾಜಿಯಲ್ಲಿ ಮುಗಿಯಿತು. ದಕ್ಷಿಣ ಕೊರಿಯದ ದೋ ಕ್ವಾನ್ ಎಂಬಾತನ ಕಥೆ ಇನ್ನೂ ಬೋಧಪ್ರದವಾದುದು. ಒಂದು ಡಾಲರಿಗೆ ಸದಾ ಸಮನಾಗಿರುವುದೆಂದು ಆತನು ಹುಟ್ಟಿಸಿದ ನಾಣ್ಯದ ಬುಡ ಭದ್ರವಿಲ್ಲವೆಂದು ಬ್ರಿಟಿಷ್ ಅರ್ಥಶಾಸ್ತ್ರಜ್ಞೆಯೊಬ್ಬರು 2021ರಲ್ಲಿ ಶಂಕಿಸಿದಾಗ, ಬಡವರೊಡನೆ ತಾನು ವಾದ ಮಾಡುವುದಿಲ್ಲವೆಂದು ಆತನು ಉತ್ತರವಿತ್ತನು. ಅನುಯಾಯಿಗಳು ಚಪ್ಪಾಳೆ ತಟ್ಟಿದರು. 2022ರ ಮೇ ತಿಂಗಳ ಒಂದೇ ವಾರದಲ್ಲಿ ಆ ನಾಣ್ಯವೂ ಅದರ ಜೋಡಿ ನಾಣ್ಯವೂ ಕುಸಿದು ಸುಮಾರು 4,000 ಕೋಟಿ ಡಾಲರು ಬೆಲೆಯ ಸಂಪತ್ತು ಮಾಯವಾಯಿತು. 2025ರ ಆಗಸ್ಟಿನಲ್ಲಿ ಆತನು ನ್ಯೂಯಾರ್ಕಿನ ನ್ಯಾಯಾಲಯದಲ್ಲಿ ವಂಚನೆಯ ತಪ್ಪನ್ನು ಒಪ್ಪಿಕೊಂಡನು.

ದಿಟ್ಟ ನುಡಿಯಿಂದಲೇ ಗೆದ್ದವರೂ ಇದ್ದಾರಲ್ಲ ಎಂದು ಕೆಲವರು ಹೇಳಬಹುದು. ಇರಬಹುದು, ನೂರು ಮಂದಿ ಜೋಯಿಸರು ನೂರು ಬಗೆಯ ಫಲ ಹೇಳಿದರೆ ಒಬ್ಬಿಬ್ಬರದು ಸರಿಹೋಗಲೇಬೇಕು. ಸರಿಹೋದವನು ತನ್ನ ಹಳೆಯ ಮಾತನ್ನು ನಿತ್ಯವೂ ಎತ್ತಿ ತೋರಿಸುತ್ತಾನೆ. ತಪ್ಪಿದ ತೊಂಬತ್ತೆಂಟು ಮಂದಿ ತಮ್ಮ ಮಾತನ್ನು ಅಳಿಸಿ ಹೊಸ ಭವಿಷ್ಯಕ್ಕೆ ತೊಡಗುತ್ತಾರೆ. ಮಾತಿಗೆ ತಮ್ಮ ಹಣವನ್ನೇ ಒತ್ತೆಯಿಟ್ಟವರು ಅಪರೂಪ. ಭಾರತೀಯ ಮೂಲದ ಬಾಲಾಜಿ ಶ್ರೀನಿವಾಸನ್ ಎಂಬ ಅಮೆರಿಕದ ಉದ್ಯಮಿಯು 2023ರ ಮಾರ್ಚಿನಲ್ಲಿ, ತೊಂಬತ್ತು ದಿನಗಳೊಳಗೆ ಬಿಟ್‌ಕಾಯಿನ್ 10 ಲಕ್ಷ ಡಾಲರಾಗುವುದೆಂದು ಬಹಿರಂಗವಾಗಿ ಪಣ ತೊಟ್ಟರು. ಗಡುವಿಗೆ ಮುಂಚೆಯೇ ಸೋಲೊಪ್ಪಿಕೊಂಡು, ಪಣಕ್ಕಿಂತ ಹೆಚ್ಚಾಗಿ 15 ಲಕ್ಷ ಡಾಲರನ್ನು ಕೊಟ್ಟು ಮುಗಿಸಿದರು. ಅವರ ಅರ್ಥಶಾಸ್ತ್ರವನ್ನು ನಾವು ಒಪ್ಪುವುದಿಲ್ಲ. ಆದರೆ ಸೋತ ಹಣವು ಅವರದೇ ಆಗಿತ್ತೆಂಬುದನ್ನು ಗೌರವದಿಂದ ಸ್ಮರಿಸುತ್ತೇವೆ. ಇನ್ನು ಈ ಇಡೀ ವ್ಯವಸ್ಥೆಯನ್ನು 2008ರಲ್ಲಿ ಒಂದು ಲೇಖನದ ಮೂಲಕ ಜಗತ್ತಿಗೆ ಮುಂದಿಟ್ಟ ಸತೋಷಿ ನಕಮೊಟೊ ಎಂಬ ಗುಪ್ತನಾಮಧೇಯನು ಬೆಲೆ ಏರುವುದೆಂದು ಡಂಗುರ ಹೊಡೆಯುವ ಗೋಜಿಗೆ ಹೋಗದೆ, 2011ರ ಹೊತ್ತಿಗೆ ಮೌನವಾಗಿ ಮರೆಯಾದನು. ಈ ಕ್ಷೇತ್ರದಲ್ಲಿ ಅವನಿಗಿಂತ ಹೆಚ್ಚಿನ ಪ್ರಭಾವಶಾಲಿಯನ್ನು ಕೂಗುವವರ ಸಾಲಿನಲ್ಲಿ ಯಾರೂ ತೋರಿಸಲಾರರು.

ನಮ್ಮ ಊರಿನಲ್ಲಿಯೇ ನಡೆದ ಒಂದು ಪ್ರಸಂಗವನ್ನು ಇಲ್ಲಿ ನೆನೆಯುವುದು ಉಚಿತ. 2013ರಲ್ಲಿ ಆರಂಭವಾದ ಯುನೋಕಾಯಿನ್ ಎಂಬ ಕಂಪೆನಿಯು 2018ರ ಅಕ್ಟೋಬರಿನಲ್ಲಿ ಹಳೆಯ ವಿಮಾನನಿಲ್ದಾಣ ರಸ್ತೆಯ ಕೆಂಪ್ ಫೋರ್ಟ್ ಮಾಲಿನಲ್ಲಿ, ಎಂದರೆ ಜೀವನ್ ಬಿಮಾ ನಗರದ ಮಗ್ಗುಲಲ್ಲಿ, ಗಿರಾಕಿಗಳು ನಗದು ಕಟ್ಟಲೂ ಪಡೆಯಲೂ ಅನುಕೂಲವಾದ ಒಂದು ಯಂತ್ರವನ್ನು ನಿಲ್ಲಿಸಿತು. ಆ ವರ್ಷದ ಏಪ್ರಿಲ್ 6ರಂದು ರಿಸರ್ವ್ ಬ್ಯಾಂಕು ಇಂತಹ ವ್ಯಾಪಾರಿಗಳಿಗೆ ಬ್ಯಾಂಕುಗಳು ಸೇವೆ ಸಲ್ಲಿಸಕೂಡದೆಂದು ಸುತ್ತೋಲೆ ಹೊರಡಿಸಿದ್ದರಿಂದ, ನಗದಿನ ಯಂತ್ರವೇ ಅವರಿಗೆ ದಾರಿಯಾಗಿ ತೋರಿತು. ಶಾಸನಬದ್ಧ ಹಣವಲ್ಲ ಎಂದರೆ ನಿಷಿದ್ಧವೆಂದು ಅರ್ಥವಲ್ಲ ಎಂಬುದು ಅವರ ವಾದ. ಆ ವಾದವನ್ನು ಅವರು ಮುಚ್ಚಿಡಲಿಲ್ಲ. ನಡುಪೇಟೆಯಲ್ಲಿ ಯಂತ್ರದ ರೂಪದಲ್ಲಿ ನಿಲ್ಲಿಸಿದರು. ಅದೇ ತಿಂಗಳೊಳಗೆ ಅಪರಾಧ ವಿಭಾಗದ ಪೋಲೀಸರು ಯಂತ್ರವನ್ನು ಜಪ್ತು ಮಾಡಿ ಕಂಪೆನಿಯ ಇಬ್ಬರು ಸ್ಥಾಪಕರನ್ನು ದಸ್ತಗಿರಿ ಮಾಡಿದರು. ಬಿಚ್ಚುನುಡಿಯಿಂದ ಅವರಿಗೆ ಆ ಹೊತ್ತಿಗೆ ಒದಗಿದ್ದು ಪ್ರಭಾವವೂ ಅಲ್ಲ, ಲಾಭವೂ ಅಲ್ಲ.

ಆದರೆ ಅದೇ ವಾದವು ದೆಹಲಿಯಲ್ಲಿ ಬೇರೊಂದು ವೇಷದಲ್ಲಿ ನಡೆಯುತ್ತಿತ್ತು. ಈ ಉದ್ಯಮದವರ ಪರವಾಗಿ ಒಂದು ವ್ಯಾಪಾರ ಸಂಘವು ಸರ್ವೋಚ್ಚ ನ್ಯಾಯಾಲಯದ ಮುಂದೆ ಅರ್ಜಿ, ಪ್ರಮಾಣಪತ್ರ, ಲೆಕ್ಕಪತ್ರಗಳೊಡನೆ ನಿಂತಿತು. ನಿಯಂತ್ರಣಕ್ಕೊಳಪಟ್ಟ ಬ್ಯಾಂಕುಗಳಿಗೆ ಈ ವ್ಯಾಪಾರದಿಂದ ಹಾನಿಯಾಯಿತೆಂದು ರಿಸರ್ವ್ ಬ್ಯಾಂಕು ತೋರಿಸಿಕೊಟ್ಟಿಲ್ಲ, ಆದುದರಿಂದ ಸುತ್ತೋಲೆಯು ಮಿತಿಮೀರಿದ್ದು ಎಂದು 2020ರ ಮಾರ್ಚ್ 4ರಂದು ಮೂವರು ನ್ಯಾಯಾಧೀಶರ ಪೀಠವು ಅದನ್ನು ತಳ್ಳಿಹಾಕಿತು. ಗದ್ದಲವಿಲ್ಲದೆ, ಎದುರಾಳಿಯ ಪ್ರಶ್ನೆಗೆ ಉತ್ತರ ಹೇಳುವ ಹೊಣೆಯನ್ನು ಹೊತ್ತು ಹೇಳಿದ ಅಭಿಪ್ರಾಯಕ್ಕೆ ಅಲ್ಲಿ ಜಯ ದೊರೆಯಿತು. ಪರದೆಯ ಮೇಲಿನ ವೀರರಿಗೆ ಅಂಥ ಹೊಣೆ ಯಾವುದೂ ಇಲ್ಲ.

ಜೀವನ್ ಬಿಮಾ ನಗರದ ಹೆಸರೇ ಈ ಪ್ರಶ್ನೆಗೆ ಒಂದು ಬೆಳಕನ್ನು ಚೆಲ್ಲುತ್ತದೆ. ಜೀವವಿಮಾ ನಿಗಮದ ವಸತಿಗಳಿಂದ ಈ ಬಡಾವಣೆಗೆ ಆ ಹೆಸರು ಬಂದಿತು. ನಿಗಮವಾದರೂ ಹುಟ್ಟಿದುದು ಹೇಗೆ? ವಿಮಾದಾರರ ಹಣವನ್ನು ರಾಮಕೃಷ್ಣ ದಾಲ್ಮಿಯಾ ಅವರ ಭಾರತ ವಿಮಾ ಕಂಪೆನಿಯಲ್ಲಿ ದುರುಪಯೋಗ ಮಾಡಿದುದನ್ನು 1955ರ ಡಿಸೆಂಬರಿನಲ್ಲಿ ಫಿರೋಜ್ ಗಾಂಧಿಯವರು ಲೋಕಸಭೆಯಲ್ಲಿ ಲೆಕ್ಕಸಮೇತ ಬಯಲಿಗೆಳೆದರು. ಮರುತಿಂಗಳೇ ಜೀವವಿಮೆಯ ರಾಷ್ಟ್ರೀಕರಣಕ್ಕೆ ಸುಗ್ರೀವಾಜ್ಞೆ ಹೊರಟಿತು. 245 ಕಂಪೆನಿಗಳೂ ಸಂಘಗಳೂ ಒಂದಾಗಿ 1956ರ ಸೆಪ್ಟೆಂಬರ್ 1ರಂದು ನಿಗಮವು ಸ್ಥಾಪಿತವಾಯಿತು. ಎರಡು ವರ್ಷ ಕಳೆಯುವ ಮೊದಲೇ ಆ ನಿಗಮವೇ ಹರಿದಾಸ್ ಮುಂದ್ರಾ ಎಂಬವರ ಕಂಪೆನಿಗಳಲ್ಲಿ ಸುಮಾರು 1 ಕೋಟಿ 24 ಲಕ್ಷ ರೂಪಾಯಿ ತೊಡಗಿಸಿ ಎಡವಿದಾಗ, ಅದನ್ನು ಎತ್ತಿ ಹಿಡಿದವರೂ ಅದೇ ಫಿರೋಜ್ ಗಾಂಧಿಯವರು. ಸ್ವಂತ ಪಕ್ಷದ ಸರಕಾರ, ಸ್ವಂತ ಮಾವನ ಪ್ರಧಾನಮಂತ್ರಿತ್ವ. ಛಾಗ್ಲಾ ಆಯೋಗದ ಬಹಿರಂಗ ವಿಚಾರಣೆಯಾಗಿ 1958ರಲ್ಲಿ ಹಣಕಾಸು ಮಂತ್ರಿ ಟಿ. ಟಿ. ಕೃಷ್ಣಮಾಚಾರಿಯವರು ರಾಜೀನಾಮೆಯಿತ್ತರು. ಆ ಮಾತಿನಿಂದ ಒಂದು ಕಂಪೆನಿಯ ಷೇರು ಏರಿ ಹೇಳಿದವರಿಗೆ ಲಾಭವಾಗುವಂತಿರಲಿಲ್ಲ. ಹೇಳಿದವರಿಗೆ ದೊರೆತದ್ದು ಹೆಚ್ಚಾಗಿ ಮನೆಯವರ ಮುನಿಸು. ಪ್ರಭಾವವೋ, ಇಂದಿಗೂ ಕೋಟ್ಯಂತರ ಮನೆಗಳ ವಿಮಾಪತ್ರದಲ್ಲಿ ಇದೆ.

ನಿಗಮದ ಏಜೆಂಟನೂ ಮಾತಿನಿಂದಲೇ ಬದುಕುವವನು, ಮಾತನ್ನು ಸ್ವಲ್ಪ ಉಬ್ಬಿಸಿ ಆಡುವವನೂ ಹೌದು. ಅವನ ವಾಕ್ಚಾತುರ್ಯವನ್ನು ಅನುಭವಿಸದ ಗೃಹಸ್ಥನು ವಿರಳ. ಆದರೂ ಅವನಿಗೆ ವಿಧಿಬದ್ಧವಾದ ನೇಮಕ ಬೇಕು. ಕಮಿಷನ್ನಿಗೆ ಮಿತಿ ಉಂಟು. ಅದರಲ್ಲಿ ಪಾಲು ಕೊಟ್ಟು ಗಿರಾಕಿಯನ್ನು ಒಲಿಸಿಕೊಳ್ಳುವುದನ್ನು 1938ರ ವಿಮಾ ಶಾಸನದ 41ನೆಯ ಪ್ರಕರಣವು ನಿಷೇಧಿಸಿದೆ. ಈ ಪಾಲಿಸಿಯಿಂದ ನಿಮಗೆಷ್ಟು ದೊರೆಯುತ್ತದೆ ಎಂದು ಗಿರಾಕಿಯು ಕೇಳಿದರೆ ಕಮಿಷನ್ನಿನ ದರವನ್ನು ಹೇಳಬೇಕಾದುದು ಅವನ ನಡತೆಯ ನಿಯಮಗಳಲ್ಲಿ ಸೇರಿದೆ. ಷೇರುಗಳ ವಿಷಯದಲ್ಲಿಯೂ, ವಿಶ್ಲೇಷಕನು ತಾನು ಶಿಫಾರಸು ಮಾಡುವ ಷೇರು ತನ್ನ ಬಳಿ ಇದೆಯೇ ಎಂಬುದನ್ನು ಪ್ರಕಟಿಸಬೇಕೆಂದು ಸೆಬಿಯು 2014ರಲ್ಲಿಯೇ ವಿಧಿಸಿತು. ಕ್ರಿಪ್ಟೋ ನಾಣ್ಯವನ್ನು ಹೊಗಳುವವನ ಮೇಲೆ ಇಂತಹ ಶಾಸನದ ಹಂಗಿಲ್ಲ. ಜಾಹೀರಾತುದಾರರ ಸ್ವಯಂನಿಯಂತ್ರಣ ಮಂಡಲಿಯು, ಈ ಸರಕು ನಿಯಂತ್ರಣಕ್ಕೊಳಪಟ್ಟದ್ದಲ್ಲ, ಬಹಳ ಅಪಾಯಕರವಾದದ್ದು, ನಷ್ಟಕ್ಕೆ ಪರಿಹಾರ ಸಿಕ್ಕದಿರಬಹುದು ಎಂಬ ಎಚ್ಚರಿಕೆಯನ್ನು ಜಾಹೀರಾತುಗಳಲ್ಲಿ ಕಾಣಿಸಬೇಕೆಂದು 2022ರ ಏಪ್ರಿಲಿನಿಂದ ಗೊತ್ತುಪಡಿಸಿದ್ದು ಒಳ್ಳೆಯದೇ. ಆದರೆ ಅದು ಶಾಸನವಲ್ಲ, ದಂಡ ವಿಧಿಸುವ ಅಧಿಕಾರವೂ ಅದಕ್ಕಿಲ್ಲ. ಅಲ್ಲದೆ, ತನ್ನದು ಜಾಹೀರಾತೇ ಅಲ್ಲ, ಸ್ವಂತ ಅಭಿಪ್ರಾಯವೆಂದು ಹೇಳುವವನನ್ನು ಅದು ಹೇಗೆ ಹಿಡಿಯಬೇಕು?

ಮಾನ್ಯರ ಮಾತನ್ನು ನಂಬಿ ಹಣ ಹೂಡುವುದರ ಫಲವನ್ನು ದಂಡುಪ್ರದೇಶದ ಜನಕ್ಕೆ ಹೇಳಿಕೊಡಬೇಕಾಗಿಲ್ಲ. ಶಿವಾಜಿನಗರದ ಐ. ಎಮ್. ಎ. ಸಂಸ್ಥೆಯ ಒಡೆಯನು 2019ರ ಜೂನ್ ತಿಂಗಳಲ್ಲಿ ದೇಶ ಬಿಟ್ಟು ಓಡಿಹೋದಾಗ ಅದರ ಬಾಗಿಲಲ್ಲಿ ನೆರೆದ ಸಾವಿರಾರು ಠೇವಣಿದಾರರು ಲೆಕ್ಕಪತ್ರ ಓದಿ ಹಣ ಕಟ್ಟಿದವರಲ್ಲ. ದೊಡ್ಡವರು ಒಳ್ಳೆಯದೆಂದರು, ನೆರೆಯವರು ಕಟ್ಟಿದರು, ತಾವೂ ಕಟ್ಟಿದರು. ಅದು ಕ್ರಿಪ್ಟೋ ಅಲ್ಲವೆಂಬುದು ನಿಜ. ಮಗಳ ಮದುವೆಗೆಂದು ಕೂಡಿಟ್ಟ ಹಣವು ಯಾವ ಹೆಸರಿನ ಯೋಜನೆಯಲ್ಲಿ ಮುಳುಗಿತೆಂಬುದು ಆ ತಾಯಿಗೆ ಒಂದೇ.

ಸರಕಾರದವರು ಈ ವ್ಯಾಪಾರವನ್ನು ಇತ್ತ ಒಪ್ಪಿಯೂ ಇಲ್ಲ, ಅತ್ತ ನಿಷೇಧಿಸಿಯೂ ಇಲ್ಲ. ತೆರಿಗೆಯನ್ನು ಮಾತ್ರ ವಿಧಿಸಿದ್ದಾರೆ. 2022ರ ಏಪ್ರಿಲಿನಿಂದ ಲಾಭದ ಮೇಲೆ ನೂರಕ್ಕೆ 30, ಅದೇ ಜುಲೈಯಿಂದ ಪ್ರತಿಯೊಂದು ಮಾರಾಟದಲ್ಲಿ ನೂರಕ್ಕೆ 1ರ ಮುಂಗಡ ಕಡಿತ. ಒಂದು ನಾಣ್ಯದಲ್ಲಾದ ನಷ್ಟವನ್ನು ಇನ್ನೊಂದರ ಲಾಭದಲ್ಲಿ ವಜಾ ಹಾಕಿಕೊಳ್ಳುವಂತಿಲ್ಲ. ಹೀಗಾಗಿ ದಿಟ್ಟನ ಮಾತು ನಂಬಿ ಒಂದರಲ್ಲಿ 1 ಲಕ್ಷ ಗಳಿಸಿ ಇನ್ನೊಂದರಲ್ಲಿ 1 ಲಕ್ಷ ಕಳೆದುಕೊಂಡ ಗುಮಾಸ್ತನು, ಕೈಯಲ್ಲಿ ಏನೂ ಉಳಿಯದಿದ್ದರೂ 30 ಸಾವಿರವನ್ನು ಬೊಕ್ಕಸಕ್ಕೆ ಕಟ್ಟಬೇಕು. 2023ರ ಮಾರ್ಚಿನಲ್ಲಿ ಹಣದ ಅಕ್ರಮ ಸಾಗಣೆಯ ಶಾಸನವನ್ನು ಈ ವ್ಯಾಪಾರಸ್ಥರಿಗೂ ಅನ್ವಯಿಸಿ, ಗಿರಾಕಿಯ ಗುರುತನ್ನು ದಾಖಲಿಸುವಂತೆ ಆಜ್ಞೆಯಾಯಿತು. ಕೊಳ್ಳುವವನ ಗುರುತು ಸರಕಾರಕ್ಕೆ ಬೇಕು. ಕೊಳ್ಳೆಂದು ಪ್ರೇರೇಪಿಸಿದವನ ಹಿತಾಸಕ್ತಿಯ ಗುರುತು ಮಾತ್ರ ಯಾರಿಗೂ ಬೇಡವಾಗಿದೆ.

ಬಾಯಿಗೆ ಬೀಗ ಹಾಕಬೇಕೆಂದು ನಾವು ಕೇಳುತ್ತಿದ್ದೇವೆಂದು ಯಾರೂ ಭ್ರಮಿಸಬಾರದು. 1908ರಲ್ಲಿ ಮೈಸೂರು ಸರಕಾರವು ಪತ್ರಿಕೆಗಳ ಕಟ್ಟುಪಾಡಿನ ಕಾನೂನನ್ನು ತಂದಾಗ ಎಂ. ವೆಂಕಟಕೃಷ್ಣಯ್ಯನವರು ಅದಕ್ಕೆ ತಲೆಬಾಗದೆ ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿದರು. ಆ ಪರಂಪರೆಯ ಅನ್ನವನ್ನು ಉಂಡವರು ಅಭಿಪ್ರಾಯಸ್ವಾತಂತ್ರ್ಯಕ್ಕೆ ಕೊಡಲಿ ಹಾಕಲಾರರು. ತಾತಯ್ಯನವರ ದಿಟ್ಟತನವು ಅವರಿಗೆ ನಷ್ಟವನ್ನು ತಂದಿತು. ಈಗಿನ ಪೇಟೆಯ ದಿಟ್ಟತನವು ಕೇಳಿದವನಿಗೆ ನಷ್ಟ ತರುತ್ತದೆ. ಎರಡಕ್ಕೂ ಒಂದೇ ಹೆಸರಿಟ್ಟು ಒಂದೇ ರಕ್ಷಣೆ ಬೇಡುವುದು ನ್ಯಾಯವಲ್ಲ. ಯಾವ ನಾಣ್ಯ ಏರುವುದೆಂದು, ಯಾವುದು ಬೀಳುವುದೆಂದು ಯಾರು ಎಷ್ಟು ಗಟ್ಟಿಯಾಗಿ ಬೇಕಾದರೂ ಹೇಳಲಿ. ಆ ಮಾತಿನ ಜೊತೆಯಲ್ಲಿಯೇ, ತನ್ನ ಬಳಿ ಆ ನಾಣ್ಯವು ಎಷ್ಟಿದೆ, ಯಾವಾಗ ಕೊಂಡುದು, ಹೇಳುವುದಕ್ಕೆ ಯಾರಿಂದ ಏನು ಪಡೆದಿದ್ದೇನೆ ಎಂಬುದನ್ನೂ ಹೇಳಲಿ. ಹೇಳಿದ ಬಳಿಕ ಇಂತಿಷ್ಟು ದಿನ ಮಾರದಿರಲಿ. ಮುಚ್ಚಿಟ್ಟರೆ, ಆ ಮಾತಿನಿಂದ ಗಳಿಸಿದುದನ್ನು ಹಿಂದಕ್ಕೆ ಕಕ್ಕಿಸುವ ಅಧಿಕಾರವು ಒಂದು ಸಂಸ್ಥೆಗೆ ಇರಲಿ. ಅದು ಸೆಬಿಯೋ ರಿಸರ್ವ್ ಬ್ಯಾಂಕೋ ಎಂಬ ಜಗಳವನ್ನು ಅಧಿಕಾರಿಗಳು ತಮ್ಮೊಳಗೆ ತೀರಿಸಿಕೊಳ್ಳಬಹುದು.

ಈ ನಾಣ್ಯಗಳ ವ್ಯವಹಾರಕ್ಕೆ ಪ್ರತ್ಯೇಕವಾದ ಶಾಸನವನ್ನು ತರುವ ಮಾತು ಬಹುಕಾಲದಿಂದ ನಡೆಯುತ್ತಿದೆ. 2021ರ ಚಳಿಗಾಲದ ಅಧಿವೇಶನದ ಕಾರ್ಯಸೂಚಿಯಲ್ಲಿ ಸೇರಿದ್ದ ಮಸೂದೆಯು ಸಭೆಯ ಮುಂದೆ ಬರಲೇ ಇಲ್ಲ. ಬೆಂಗಳೂರಿನಿಂದ ಲೋಕಸಭೆಗೆ ಹೋಗಿರುವ ಸದಸ್ಯರು ಬರುವ ಅಧಿವೇಶನದಲ್ಲಿ ಹಣಕಾಸು ಸಚಿವರನ್ನು ಒಂದೇ ಪ್ರಶ್ನೆ ಕೇಳಿದರೆ ಸಾಕು: ಎರಡು ಸಾವಿರ ರೂಪಾಯಿಯ ಪಾಲಿಸಿ ಮಾರುವ ವಿಮಾ ಏಜೆಂಟನು ಕೇಳಿದವರಿಗೆ ತನ್ನ ಕಮಿಷನ್ ಹೇಳಬೇಕಾಗಿರುವಾಗ, ಒಂದು ಮಾತಿನಿಂದ ಲಕ್ಷಗಟ್ಟಲೆ ಜನರ ಉಳಿತಾಯವನ್ನು ತಿರುಗಿಸುವವನು ತನ್ನದನ್ನು ಏಕೆ ಹೇಳಬೇಕಾಗಿಲ್ಲ?